ಪೂಜೆಗಿಟ್ಟ ಮೂರು ಫ್ಯೂಸು

ಹೋದ ತಿಂಗಳು ಪತ್ರಿಕೆಯೊಂದರಲ್ಲಿ ನಮ್ಮ ಹಳೆಯ ಕಂಪನಿಯ ಚರಿತ್ರೆ ಎಂದು ಅರ್ಧ ಪುಟ ಬಂದಿತ್ತು. ಮೈಸೂರಿನಲ್ಲಿ ಕೂತು ಆನ್‌ಲೈನ್ ಆಟ ಕಟ್ಟಿದವರು, ಮಾಲೀಕ ಮಹಾಂತೇಶ್ ಕಂಡ ಕನಸು, ಸಿಂಗಪುರದ ಒಪ್ಪಂದ, ಎಲ್ಲವೂ ಇತ್ತು. ಒಂದು ಮೂಲೆಯಲ್ಲಿ ನನ್ನ ಮುಖವೂ ಇತ್ತು. ನಂಜುಂಡಸ್ವಾಮಿ ಎನ್ನುವ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಓದಿ ಮೈಯೆಲ್ಲ ಉರಿದುಹೋಯಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಪತ್ರಿಕೆಗೆ ಫೋನ್ ಮಾಡಿ ಕೂಗಾಡಿದೆ. ಆ ಕಡೆಯವರು ಸಮಾಧಾನದಿಂದ, "ಅವರು ಕಂಪನೀಲಿ ಏನಾಗಿದ್ರು ಮೇಡಂ?" ಎಂದು ಕೇಳಿದರು. ಥಟ್ಟನೆ ಹೇಳಲು ಬರಲಿಲ್ಲ. ಎಲೆಕ್ಟ್ರಿಷಿಯನ್ ಎಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ಆದ್ದರಿಂದ ಕೂತು ಬರೆಯುತ್ತಿದ್ದೇನೆ.

ಕಂಪನಿ ಶುರುವಾದದ್ದು ತೊಂಬತ್ತೇಳರಲ್ಲಿ, ಲಕ್ಷ್ಮೀಪುರಂನ ಒಂದು ಹಳೇ ಮನೆಯಲ್ಲಿ. ಮನೆ ಮಹಾಂತೇಶ್ ತಂದೆ ಚನ್ನಬಸವಯ್ಯನವರದು. ಸಂತೇಪೇಟೆಯಲ್ಲಿ ಅವರದು ಬೆಲ್ಲದ ಮಂಡಿ. ಮಗ ವ್ಯಾಪಾರಕ್ಕೆ ಬರುವುದಿಲ್ಲ ಎಂದಾಗ ಎರಡು ದಿನ ಮಾತು ಬಿಟ್ಟು, ಮೂರನೇ ದಿನ ಕೆಳಗಿನ ನಾಲ್ಕು ಕೋಣೆಯ ಬೀಗದ ಕೈ ಕೊಟ್ಟರಂತೆ. ಆಗ ಮಾಡುತ್ತಿದ್ದದ್ದು ಶಾಲಾ ಮಕ್ಕಳ ಪ್ರಶ್ನೋತ್ತರದ ಸೀಡಿ. ಮೂರು ಕಂಪ್ಯೂಟರ್‌ಗಳಿಗೆ ವೈರಿಂಗ್ ಮಾಡಲು ಮೇಟಗಳ್ಳಿಯಿಂದ ಒಬ್ಬರನ್ನು ಕರೆಸಿದರು. ನಲವತ್ತರ ಸುಮಾರಿನ ಮನುಷ್ಯ, ಕಿವಿಯ ಮೇಲೊಂದು ಟೆಸ್ಟರ್. ಮೂರು ದಿನದ ಕೆಲಸಕ್ಕೆಂದು ಬಂದ ನಂಜುಂಡಸ್ವಾಮಿ ಎಂಟು ವರ್ಷ ಉಳಿದರು.

ಅವರು ನಂಜನಗೂಡು ಕಡೆಯ ಒಕ್ಕಲು ಮನೆತನದವರು. ಹದಿನೆಂಟಕ್ಕೇ ಮೇಟಗಳ್ಳಿಗೆ ಬಂದು, ಸ್ಟೀಲ್ ಪಾತ್ರೆ ಒತ್ತುವ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕ್ ಕೆಲಸಕ್ಕೆ ಸೇರಿದ್ದರು. ಅದು ಮುಚ್ಚಿದ ಮೇಲೆ ಮನೆ ಮನೆ ವೈರಿಂಗ್. ಹೆಂಡತಿ ಕೆಂಚಮ್ಮ, ಒಂದು ಕೋಣೆಯ ಬಾಡಿಗೆ ಮನೆ. ಮಾತು ಕಡಿಮೆ. ನಾನು ದಿನಕ್ಕೆ ಆಡುವಷ್ಟು ಮಾತು ಅವರಿಗೆ ಒಂದು ವರ್ಷಕ್ಕೆ ಸಾಕಾಗುತ್ತಿತ್ತು.

ತೊಂಬತ್ತೊಂಬತ್ತರಲ್ಲಿ ಮಹಾಂತೇಶ್ ಸೀಡಿ ಬಿಟ್ಟು ಆನ್‌ಲೈನ್ ಆಟಕ್ಕೆ ಕೈ ಹಾಕಿದರು. ಹೆಸರು 'ಕಂದಕ'. ಪ್ರತಿಯೊಬ್ಬ ಆಟಗಾರನಿಗೂ ಒಂದು ಕೋಟೆ. ಸುತ್ತ ಕಂದಕ ತೋಡಬೇಕು, ದವಸ ತುಂಬಬೇಕು, ಪಕ್ಕದವನ ಮೇಲೆ ದಂಡು ಕಳಿಸಬೇಕು. ಬೆಳಿಗ್ಗೆ ಹೊರಟ ದಂಡು ಸಂಜೆಗೆ ಮುಟ್ಟುತ್ತದೆ. ಅಂದರೆ ಆಡುವವರು ಮಲಗಿದ್ದರೂ ಆಟ ನಡೆಯುತ್ತಲೇ ಇರಬೇಕು, ಅದನ್ನು ನಡೆಸುವ ಸರ್ವರ್ ಒಂದು ಗಳಿಗೆಯೂ ನಿಲ್ಲಬಾರದು. ಸರ್ವರ್ ಇಟ್ಟದ್ದು ತಂಪಾಗಿರುತ್ತದೆ ಎಂದು ಹಿಂದಿನ ಬೆಲ್ಲದ ಉಗ್ರಾಣದಲ್ಲಿ. ಮೊದಲ ವಾರವೇ ಅದರೊಳಗೆ ಇರುವೆ ಸೇರಿ ಕೆಟ್ಟು ಕೂತಿತು. ಇಂಜಿನಿಯರುಗಳೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾಗ ನಂಜುಂಡಸ್ವಾಮಿ ನಾಲ್ಕು ತೆಂಗಿನ ಚಿಪ್ಪು ತಂದರು. ಹಾಲಿನ ಬೀರುವಿಗೆ ಮಾಡುವ ಹಾಗೆ ಮೇಜಿನ ನಾಲ್ಕೂ ಕಾಲಿಗೆ ಚಿಪ್ಪು ಕೊಟ್ಟು ನೀರು ತುಂಬಿಸಿದರು. ಆಮೇಲೆ ಒಂದು ಇರುವೆಯೂ ಹತ್ತಲಿಲ್ಲ.

ನಾನು ಒಂಟಿಕೊಪ್ಪಲಿನಿಂದ ಸೈಕಲ್ ತುಳಿದುಕೊಂಡು ಬಂದು ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಒಂದರಲ್ಲಿ. ಆಟಗಾರರು ಬರೆಯುವ ಬೈಗುಳ ಓದಿ ಉತ್ತರ ಕೊಡುವುದು ನನ್ನ ಕೆಲಸ. ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ತೀರಿ, ಜನರೇಟರ್ ಶುರುವಾಗುವುದು ತಡವಾದರೆ ಸರ್ವರ್ ನಿಲ್ಲುತ್ತಿತ್ತು. ಅದು ಮೇಲೆದ್ದ ಮೇಲೂ ಆಟ ಪೂರ್ತಿ ಸರಿಹೋಗುವ ತನಕ ಪರದೆಯ ಮೇಲೆ ಮಹಾಂತೇಶ್ ತಮಾಷೆಗೆ ಹಾಕಿಟ್ಟಿದ್ದ ಸಾಲು ಬರುತ್ತಿತ್ತು: 'ದಯವಿಟ್ಟು ಕಾಯಿರಿ. ನಂಜುಂಡಸ್ವಾಮಿ ನೋಡುತ್ತಿದ್ದಾರೆ.' ಇಂಗ್ಲಿಷಿನಲ್ಲೂ ಅದೇ. ಹೊರದೇಶದವರು ಅದು ಆಟದೊಳಗಿನ ದೇವರೆಂದೇ ತಿಳಿದಿದ್ದರು. ಬ್ರೆಜಿಲಿನ ಒಬ್ಬಾತ ಆ ದೇವರಿಗೆ ಏನು ಹರಕೆ ಕೊಡಬೇಕು ಎಂದು ಕೇಳಿ ಬರೆದಿದ್ದ. ಅದನ್ನು ಹೇಳಿದಾಗ ನಂಜುಂಡಸ್ವಾಮಿ ಮೊದಲ ಸಲ ಬಾಯಿ ತುಂಬ ನಕ್ಕು, "ಒಂದ್ ಕಟ್ಟು ಬೀಡಿ ಕಳ್ಸು ಅನ್ನವ್ವ" ಎಂದರು.

ನಗುವ ಕಾಲ ಬಹಳ ದಿನ ಇರಲಿಲ್ಲ. ಎರಡು ಸಾವಿರದ ಮೂರರ ಹೊತ್ತಿಗೆ ಕಂಪನಿ ಉಸಿರು ಬಿಗಿಹಿಡಿದು ನಿಂತಿತ್ತು. ಸರ್ವರ್ ಪದೇ ಪದೇ ನಿಲ್ಲುತ್ತದೆಂದು ಆಟಗಾರರು ಬಿಟ್ಟು ಹೋಗುತ್ತಿದ್ದರು. ಉಳಿದಿದ್ದ ದಾರಿ ಒಂದೇ: ಸಿಂಗಪುರದ ಒಂದು ಸಂಸ್ಥೆ 'ಕಂದಕ'ವನ್ನು ತೆಗೆದುಕೊಂಡು ನಡೆಸಲು ಒಪ್ಪಿತ್ತು, ಆದರೆ ಷರತ್ತಿತ್ತು. ಮೂವತ್ತು ದಿನ ಸರ್ವರ್ ನಿಲ್ಲದೆ ಓಡಬೇಕು. ಅವರ ಯಂತ್ರ ಅಲ್ಲಿಂದಲೇ ನಿಮಿಷಕ್ಕೊಮ್ಮೆ ಪರೀಕ್ಷೆ ಮಾಡುತ್ತಿರುತ್ತದೆ. ಐದು ನಿಮಿಷ ಉತ್ತರ ಬರದಿದ್ದರೆ ಒಪ್ಪಂದ ಇಲ್ಲ. ಒಪ್ಪಂದ ಇಲ್ಲದಿದ್ದರೆ ಡಿಸೆಂಬರಿಗೆ ಬಾಗಿಲು ಹಾಕುತ್ತೇನೆಂದು ಮಹಾಂತೇಶ್ ನಮ್ಮ ಹದಿನಾಲ್ಕು ಜನರನ್ನೂ ಕೂರಿಸಿಕೊಂಡು ನೇರವಾಗಿ ಹೇಳಿಬಿಟ್ಟಿದ್ದರು.

ಇಪ್ಪತ್ತೊಂಬತ್ತನೇ ದಿನ ಆಯುಧಪೂಜೆ.

ಪ್ರತಿ ವರ್ಷ ಆ ದಿನ ಸರ್ವರನ್ನೂ ಅರ್ಧ ಗಂಟೆ ನಿಲ್ಲಿಸಿ, ಒರೆಸಿ, ವಿಭೂತಿ ಬಳಿದು, ಹೂ ಇಡುತ್ತಿದ್ದೆವು. ಆ ವರ್ಷ ಅದನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದು ಮಹಾಂತೇಶ್ ಕಟ್ಟಪ್ಪಣೆ ಮಾಡಿದರು. ನಂಜುಂಡಸ್ವಾಮಿ ತಲೆಯಾಡಿಸಿ, "ಜನರೇಟ್ರುಗೆ ಸಾರ್?" ಎಂದರು.

"ಅದಕ್ಕೆ ಮಾಡ್ಕೊಳಿ ಸ್ವಾಮಣ್ಣ. ದಸರಾದಲ್ಲಿ ಮೈಸೂರಲ್ಲಿ ಕರೆಂಟ್ ಹೋಗೋದುಂಟಾ?"

ನಾವೆಲ್ಲ ಹೂಂಗುಟ್ಟಿದೆವು. ಇದು ನಾವಷ್ಟೇ ಮಾಡಬಹುದಾದ ತಪ್ಪು. ಬೇರೆ ಊರಿನವರಾಗಿದ್ದರೆ ಹಬ್ಬದ ದಿನ ಇನ್ನಷ್ಟು ಹುಷಾರಾಗಿರುತ್ತಿದ್ದರು. ಊರಿಗೆ ಊರೇ ದೀಪ ಉರಿಸಿಕೊಂಡು ನಿಂತಿರುವಾಗ ನಮ್ಮ ಬೀದಿಯಲ್ಲಿ ಕತ್ತಲಾದೀತು ಎಂದು ಮೈಸೂರಿನವರಿಗೆ ಹೊಳೆಯುವುದೇ ಇಲ್ಲ.

ನಂಜುಂಡಸ್ವಾಮಿಯವರದು ಕಾರ್ಖಾನೆಯ ಪದ್ಧತಿ. ಹಿತ್ತಲಿನ ಶೆಡ್ಡಿನಲ್ಲಿದ್ದ ಜನರೇಟರನ್ನು ತೊಳೆದು, ಬ್ಯಾಟರಿಯ ವೈರ್ ಬಿಚ್ಚಿ, ಪಿಂಗಾಣಿಯ ಮೂರೂ ಫ್ಯೂಸುಗಳನ್ನು ಕಿತ್ತು ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಸ್ಪ್ಯಾನರು, ಕಟಿಂಗ್ ಪ್ಲೇಯರು ಜೋಡಿಸಿ ಅಲ್ಲೇ ಚಾಮುಂಡೇಶ್ವರಿಯ ಪಟದ ಮುಂದೆ ಇಟ್ಟರು. ಹಾಗೆ ಇಟ್ಟದ್ದನ್ನು ಮಾರನೇ ದಿನ ಬೆಳಿಗ್ಗೆ ಮರುಪೂಜೆಯ ತನಕ ಅವರು ಮುಟ್ಟುತ್ತಿರಲಿಲ್ಲ. ಬೂದುಗುಂಬಳ ಒಡೆದಾಯಿತು, ಪುರಿ-ಕಡ್ಲೆ ಹಂಚಿದ್ದಾಯಿತು. ಮಹಾಂತೇಶ್ ಮನೆಯವರನ್ನೆಲ್ಲ ಕರೆದುಕೊಂಡು ಮಠಕ್ಕೆ ಹೊರಟರು. ಉಳಿದವರು ಮನೆಗೆ ಹೋದರು. ಬೈಗುಳಕ್ಕೆ ಹಬ್ಬವಿಲ್ಲವಾದ್ದರಿಂದ ನಾನು ಉಳಿದೆ, ನಂಜುಂಡಸ್ವಾಮಿಯೂ ಉಳಿದರು.

ಮಧ್ಯಾಹ್ನ ಮೂರೂ ಹತ್ತಕ್ಕೆ ಹೊರಗಿನಿಂದ ದೊಡ್ಡದಾಗಿ ಚಟಾರೆಂದು ಶಬ್ದವಾಯಿತು. ಫ್ಯಾನು ನಿಂತಿತು. ಯುಪಿಎಸ್ ಕೀಚ್ ಕೀಚ್ ಎನ್ನತೊಡಗಿತು. ಬೀದಿಗೆ ಓಡಿ ನೋಡಿದರೆ, ಎರಡಾಳೆತ್ತರದ ಬಾಳೆಕಂದು ಕಟ್ಟಿಕೊಂಡ ಒಂದು ಟೆಂಪೋ ನಮ್ಮ ಕ್ರಾಸಿನಲ್ಲಿ ತಿರುಗಿ, ಕಂದಿಗೆ ಸಿಕ್ಕ ತಂತಿಯನ್ನು ಕಂಬದಿಂದ ಕಿತ್ತುಕೊಂಡು ನಿಂತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಡ್ರೈವರ್ ಇಳಿದು ತಲೆ ಮೇಲೆ ಕೈ ಹೊತ್ತಿದ್ದ.

ಒಳಗೆ ಬಂದು ಯುಪಿಎಸ್ ನೋಡಿದೆ. ಬ್ಯಾಟರಿ ಉಳಿದಿದ್ದದ್ದು ಐವತ್ತೆರಡು ನಿಮಿಷ.

ಕರೆಂಟ್ ಆಫೀಸಿಗೆ ಫೋನ್ ಮಾಡಿದೆ. ಎರಡು ಗಂಟೆಯಾದರೂ ಬೇಕು ಎಂದರು. ಮಹಾಂತೇಶ್ ಮೊಬೈಲಿಗೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬಳು ಹೇಳಿದಳು. ಐದು ಸಲವೂ ಅದನ್ನೇ ಹೇಳಿದಳು. ಹಿತ್ತಲಿಗೆ ಓಡಿದೆ. ನಂಜುಂಡಸ್ವಾಮಿ ಜನರೇಟರಿನ ಮುಂದೆ ಕಲ್ಲಿನ ಹಾಗೆ ನಿಂತಿದ್ದರು.

"ಸ್ವಾಮಣ್ಣ, ಬೇಗ! ಹಾಕಿ!"

"ಆಗಕಿಲ್ಲ ಕಣವ್ವ."

"ಆಗಕಿಲ್ಲ ಅಂದ್ರೆ? ನಲವತ್ತೈದು ನಿಮಿಷ ಇದೆ ಅಷ್ಟೇ!"

"ಪೂಜೆಗ್ ತಗ್ದಿದ್ ಫ್ಯೂಸ್ನ ಅವತ್ತೇ ತಿರ್ಗಾ ಹಾಕಕಿಲ್ಲ ನಾನು. ಬೇರೆ ಏನಾರ ಯೋಳು, ಮಾಡ್ತೀನಿ."

ನನಗೆ ತಲೆ ಕೆಟ್ಟುಹೋಯಿತು. ಇಪ್ಪತ್ತೊಂಬತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಮೂರು ಪಿಂಗಾಣಿ ತುಂಡಿಗೋಸ್ಕರ ಮಣ್ಣುಪಾಲಾಗುತ್ತಿತ್ತು. ಬಾಯಿಗೆ ಬಂದದ್ದೆಲ್ಲ ಅಂದೆ. ಮೂಢನಂಬಿಕೆ ಎಂದೆ. "ನಿಮ್ಮ ಮಡಿಗೋಸ್ಕರ ಹದಿನಾಲ್ಕು ಜನ ಬೀದಿಗೆ ಬೀಳ್ಬೇಕಾ?" ಎಂದೆ. ನಾಚಿಕೆ ಆಗಲ್ವಾ ಎಂದೂ ಕೇಳಿದೆ. ಈಗ ಬರೆಯುವಾಗ ನನಗೇ ನಾಚಿಕೆಯಾಗುತ್ತದೆ. "ನೀವು ಹಾಕ್ದಿದ್ರೆ ಬಿಡಿ, ನಾನೇ ಹಾಕ್ತೀನಿ" ಎಂದು ಪಟದ ಮುಂದಿನ ತಟ್ಟೆಗೆ ಕೈ ಹಾಕಿದೆ.

ಅವರು ನನ್ನ ಮಣಿಕಟ್ಟು ಹಿಡಿದರು. ಎರಡು ವರ್ಷದಲ್ಲಿ ಒಂದು ದಿನವೂ ಅವರು ನನ್ನ ಹತ್ತಿರ ದನಿ ಎತ್ತಿದವರಲ್ಲ.

"ಇಲ್ಲೇ," ಎಂದು ನನ್ನ ಮಣಿಕಟ್ಟನ್ನೇ ತೋರಿಸಿದರು. "ಇಲ್ಲೀಗಂಟ ಹೋಯ್ತು ಕಣವ್ವ ಅವನ್ಗೆ."

"ಯಾರಿಗೆ?"

ಆಗ ಹೇಳಿದರು. ತೊಂಬತ್ತೊಂದನೇ ಇಸವಿ, ಇದೇ ಆಯುಧಪೂಜೆ, ಮೇಟಗಳ್ಳಿಯ ಪಾತ್ರೆ ಕಾರ್ಖಾನೆ. ಬೆಳಿಗ್ಗೆ ಪೂಜೆಯಾಗಿತ್ತು, ಫ್ಯೂಸು ಕಿತ್ತು ದೇವರ ಮುಂದಿತ್ತು. ಮಧ್ಯಾಹ್ನ ಸೂಪರ್‌ವೈಸರ್ ಬಂದು, ಮದುವೆ ಮನೆಯ ಆರ್ಡರ್ ಬಾಕಿ ಇದೆ, ಪಾತ್ರೆ ಒತ್ತುವ ಒಂದು ಪ್ರೆಸ್ ಓಡಿಸಬೇಕು, ಫ್ಯೂಸು ಹಾಕು ಎಂದ. ಇವರು ಹಾಕಿದರು. ಯಾರು ಎಲ್ಲಿದ್ದಾರೆಂದು ತಿರುಗಿ ನೋಡಲಿಲ್ಲ, ಹಾಕುತ್ತೇನೆಂದು ಕೂಗಲೂ ಇಲ್ಲ. ಪ್ರೆಸ್ಸಿನ ಸ್ವಿಚ್ ಆನ್‌ನಲ್ಲೇ ಇತ್ತು. ಜೊತೆಯ ಕೆಲಸಗಾರ ಪುಟ್ಟಮಾದಯ್ಯ ಅದರೊಳಗೆ ಕೈಯಿಟ್ಟು ಕುಂಕುಮ ಒರೆಸುತ್ತಿದ್ದ. ಬಲಗೈ ಮಣಿಕಟ್ಟಿನ ತನಕ ಹೋಯಿತು.

"ಫ್ಯೂಸ್ ಯಾಕ್ ದೇವ್ರು ಮುಂದೆ ಮಡಗ್ತಾರೆ ಯೋಳು? ಮಿಸೀನ್ ಒಳಗೆ ಕೈ ಇರೋ ಹೊತ್ನಲ್ಲಿ ಯಾರೂ ಚಾಲೂ ಮಾಡ್ಬಾರ್ದು ಅಂತ. ದೇವ್ರು ಕಾಯೋಕ್ ಕುಂತಿತ್ತು. ನಾನು ತಗ್ದು ಹಾಕ್‌ಬುಟ್ಟೆ."

ಆಸ್ಪತ್ರೆಗೆ ಒಂದೇ ಸಲ ಹೋಗಿದ್ದರಂತೆ. ಬಾಗಿಲಿನ ತನಕ ಹೋಗಿ, ಒಳಗೆ ಹೋಗಲಾರದೆ ವಾಪಸು ಬಂದರಂತೆ. ಆಮೇಲೆ ಹನ್ನೆರಡು ವರ್ಷ ಅವನ ಮುಖ ನೋಡಿರಲಿಲ್ಲ.

ಸುಳ್ಳು ಯಾಕೆ ಹೇಳಲಿ, ನನಗೆ ಮರುಕಕ್ಕಿಂತ ಭಯ ಜಾಸ್ತಿ ಇತ್ತು. ಒಳಗಿಂದ ಯುಪಿಎಸ್ ಕೂಗುವುದು ಕೇಳುತ್ತಲೇ ಇತ್ತು. ಹೋಗಿ ನೋಡಿದೆ, ಇಪ್ಪತ್ತೇಳು. ಓಡಿ ವಾಪಸು ಬಂದು, ಸಿಟ್ಟೋ ಅಳುವೋ ಗೊತ್ತಿಲ್ಲ, "ಹಾಗಾದ್ರೆ ಅವರನ್ನೇ ಕೇಳಿ!" ಎಂದು ಕಿರುಚಿದೆ.

"ಯಾರ್ನ?"

"ಪುಟ್ಟಮಾದಯ್ಯನವರನ್ನ. ಹಾಕ್ಬೇಡ ಅಂದ್ರೆ ಬೇಡ. ನಾನು ಇನ್ನೊಂದು ಮಾತು ಆಡಲ್ಲ. ಎಲ್ಲಿದ್ದಾರೆ ಅವರು?"

ನಂಜುಂಡಸ್ವಾಮಿ ನೆಲ ನೋಡುತ್ತಾ ಒಂದು ಫೋನ್ ನಂಬರ್ ಹೇಳಿದರು. ಒಂದು ಕಡೆಯೂ ತಡವರಿಸಲಿಲ್ಲ. ಪುಟ್ಟಮಾದಯ್ಯನಿಗೆ ಅಂಗವಿಕಲರ ಕೋಟಾದಲ್ಲಿ ಮೇಟಗಳ್ಳಿಯಲ್ಲೇ ಒಂದು ಎಸ್‌ಟಿಡಿ ಬೂತು ಸಿಕ್ಕಿತ್ತು. ಬೂತಿನ ಬೋರ್ಡಿನ ಮೇಲಿನ ಆ ನಂಬರನ್ನು ಇವರು ದೂರದಿಂದ ಓದಿ ಬಾಯಿಪಾಠ ಮಾಡಿಕೊಂಡಿದ್ದರು. ಆ ಬೂತಿನ ಮುಂದೆ ಹಾಯಬಾರದೆಂದು ದಿನಾ ಒಂದು ಬೀದಿ ಸುತ್ತಿಕೊಂಡು ಕೆಲಸಕ್ಕೆ ಬರುತ್ತಿದ್ದರು.

ಅವರನ್ನು ಒಳಗೆ ಎಳೆದುಕೊಂಡು ಹೋಗಿ, ನಾನೇ ನಂಬರ್ ಒತ್ತಿ ರಿಸೀವರನ್ನು ಅವರ ಕೈಗೆ ತುರುಕಿದೆ. ಹಬ್ಬದ ದಿನ ಬೂತು ತೆಗೆದಿರುತ್ತಾರೋ ಇಲ್ಲವೋ. ಒಂದು ರಿಂಗು, ಎರಡು, ಮೂರು. ನಾಲ್ಕನೆಯದಕ್ಕೆ ಎತ್ತಿದರು.

"ನಾನು ಕಣಪ್ಪ... ನಂಜುಂಡ."

ಆ ಕಡೆ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಇವರು ರಿಸೀವರನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತು. ನಾನು ಗಡಿಯಾರ ನೋಡಿದೆ, ಅವರ ಮುಖ ನೋಡಿದೆ, ಮತ್ತೆ ಗಡಿಯಾರ ನೋಡಿದೆ. ಕೊನೆಗೆ ಮೂಗು ಒರೆಸಿಕೊಂಡು, ತಡೆದು ತಡೆದು ವಿಷಯ ಹೇಳಿದರು. ಜನರೇಟರ್, ಫ್ಯೂಸು, ಹದಿನಾಲ್ಕು ಜನ. ಮತ್ತೆ ಕೇಳಿಸಿಕೊಂಡರು. "ಊಂ... ಊಂ... ಆಯ್ತು ಕಣಪ್ಪ" ಎಂದು ರಿಸೀವರ್ ಇಟ್ಟರು.

"ಏನಂದ್ರು?"

"ಮೊದ್ಲು ಎಲ್ರ ಕೈ ಎಲ್ಲವೆ ನೋಡ್ಕೊ, ಆಮೇಲೆ ಹಾಕು ಅಂದ."

ಯುಪಿಎಸ್ ಹದಿನೈದು ತೋರಿಸುತ್ತಿತ್ತು. ನಂಜುಂಡಸ್ವಾಮಿ ನನ್ನನ್ನು ಹಿತ್ತಲಿನ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. "ಎಲ್ಡೂ ಕೈ ಮೇಲೆತ್ತವ್ವ. ನಾನು ಯೋಳೋಗಂಟ ಇಳಿಸ್ಬ್ಯಾಡ." ಎತ್ತಿದೆ. ಅವರು ಜನರೇಟರಿಗೆ ಹಾಕಿದ್ದ ಹೂವಿನ ಹಾರ ತೆಗೆದರು. ಶೆಡ್ಡಿನ ಒಳಗೆ ಸುತ್ತ ಒಂದು ಸಲ ನಡೆದು ಬಗ್ಗಿ ನೋಡಿದರು, ಬೆಕ್ಕು ಮಲಗುವ ಮೂಲೆಯನ್ನೂ ಬಿಡಲಿಲ್ಲ. ನಾನು ಒಳಗೊಳಗೇ ಬೇಯುತ್ತಿದ್ದೆ. ಆಮೇಲೆ ತಟ್ಟೆಯಿಂದ ಸ್ಪ್ಯಾನರ್ ತೆಗೆದು ಕಣ್ಣಿಗೊತ್ತಿಕೊಂಡು ಬ್ಯಾಟರಿಯ ವೈರ್ ಬಿಗಿದರು. ಸ್ಪ್ಯಾನರ್ ಎರಡು ಸಲ ಜಾರಿತು.

ಫ್ಯೂಸಿನ ಕುಂಕುಮವನ್ನು ಪಂಚೆಯಿಂದ ಒರೆಸಿದರು. "ಹಾಕ್ತಾ ಇವ್ನಿ!" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. ಒಂದು. ಮತ್ತೆ ಕೂಗಿದರು. ಎರಡು. ಮೂರನೆಯದಕ್ಕೂ ಕೂಗಿದರು. ಆಮೇಲೆ ಕೀ ತಿರುಗಿಸಿದರು. ಇಂಜಿನ್ ಗರಗರ ಎಂದು ಕೆಮ್ಮಿ ನಿಂತಿತು. ಇನ್ನೊಂದು ಸಲ ತಿರುಗಿಸಿದರು, ಮತ್ತೆ ಅದೇ ಕೆಮ್ಮು. ಅಯ್ಯೋ ದೇವರೇ, ಮುಗಿದೇ ಹೋಯಿತು ಎಂದುಕೊಂಡೆ. ಒಳಗೆ ಯುಪಿಎಸ್ ಬಿಟ್ಟು ಬಿಟ್ಟು ಕೂಗುವುದನ್ನು ನಿಲ್ಲಿಸಿ ಒಂದೇ ಸಮನೆ ಕೂಗಲು ಶುರು ಮಾಡಿತು. ಅಂದರೆ ಐದು ನಿಮಿಷಕ್ಕಿಂತ ಕಡಿಮೆ.

"ಥೂ, ನನ್ ಬುದ್ಧಿಗಿಷ್ಟು!" ಎಂದು ನಂಜುಂಡಸ್ವಾಮಿ ಹಣೆ ಚಚ್ಚಿಕೊಂಡರು. ತೊಳೆಯುವಾಗ ಡೀಸೆಲ್ ಕೊಳಾಯಿ ಮುಚ್ಚಿದ್ದು ಮರೆತಿದ್ದರು. ತಿರುಗಿಸಿದರು. ಮೂರನೇ ಸಲ ಕೀ ಕೊಟ್ಟಾಗ ಇಂಜಿನ್ ಹಿಡಿದುಕೊಂಡಿತು. ಶೆಡ್ಡೆಲ್ಲ ಹೊಗೆಯಾಯಿತು. ಒಳಗೆ ಯುಪಿಎಸ್ ಬಾಯಿ ಮುಚ್ಚಿತು.

ನಾನು ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದೆ. "ಇಳ್ಸವ್ವ" ಎಂದರು. ಇಳಿಸಿದವಳೇ ಅಲ್ಲೇ ಕುಕ್ಕರಿಸಿ ಕೂತು ಜೋರಾಗಿ ಅತ್ತುಬಿಟ್ಟೆ.

ಮಾರನೇ ದಿನ ಸಂಜೆ ಆರಕ್ಕೆ ಮೂವತ್ತು ದಿನ ಮುಗಿಯಿತು. ಒಪ್ಪಂದವಾಯಿತು. ಮಹಾಂತೇಶ್ ವಿಷಯ ತಿಳಿದು, ನಂಜುಂಡಸ್ವಾಮಿಯವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಅಲ್ಲಿಂದ ಮುಂದೆ ನಮ್ಮಲ್ಲಿ ಒಂದು ಪದ್ಧತಿ ಬಂತು. ಸರ್ವರಿನಲ್ಲಿ ಏನೇ ಬದಲಾಯಿಸಿ ಮತ್ತೆ ಚಾಲೂ ಮಾಡುವ ಮುಂಚೆ ಒಬ್ಬರು "ಕೈ ಎತ್ತಿ" ಎಂದು ಕೂಗಬೇಕು, ಎಲ್ಲರೂ ಕೀಬೋರ್ಡ್ ಬಿಟ್ಟು ಕೈ ಎತ್ತಬೇಕು. ಹೊಸಬರು ನಗುತ್ತಿದ್ದರು, ಆದರೂ ಎತ್ತುತ್ತಿದ್ದರು.

ಎರಡು ಸಾವಿರದ ಐದರಲ್ಲಿ ಒಪ್ಪಂದದ ಪ್ರಕಾರ ಸರ್ವರ್ ಸಿಂಗಪುರಕ್ಕೆ ಹೋಯಿತು. ಉಗ್ರಾಣ ಖಾಲಿ. ಜನರೇಟರ್ ಬೇಡ. ಜನರೇಟರ್ ಬೇಡವೆಂದ ಮೇಲೆ ನಂಜುಂಡಸ್ವಾಮಿಯೂ ಬೇಡ. ನಾನು ಕೆಂಡವಾದೆ. ಮಹಾಂತೇಶ್ ಕೋಣೆಗೆ ನುಗ್ಗಿ ಜಗಳ ಆಡಿದೆ. ಆಗ ಗೊತ್ತಾಯಿತು: ಒಪ್ಪಂದವಾದರೆ ಹೀಗಾಗುತ್ತದೆಂದು ಮಹಾಂತೇಶ್ ಮೊದಲೇ, ಆ ಮೂವತ್ತು ದಿನ ಶುರುವಾಗುವ ಮುಂಚೆಯೇ ಅವರಿಗೆ ಹೇಳಿದ್ದರು. ಫ್ಯೂಸು ಹಾಕಿದ ದಿನ ನಂಜುಂಡಸ್ವಾಮಿಗೆ ತಮ್ಮ ಕೆಲಸ ಹೋಗುವುದು ಗೊತ್ತಿತ್ತು. ನಾನು ಅವರಿಗೆ ನಾಚಿಕೆ ಆಗಲ್ವಾ ಎಂದು ಕೇಳಿದ್ದೆ.

ಮೈಸೂರಿನ ಸರ್ವರನ್ನು ಕೊನೆಯ ಸಲ ಆರಿಸಿದ್ದು ಅವರೇ. "ಕೈ ಎತ್ತಿ" ಎಂದು ಕೂಗಿದರು. ಹದಿಮೂರು ಜನ ಎತ್ತಿದೆವು. ಅವರು ಸ್ವಿಚ್ ಒತ್ತಿ, ಮೇಜಿನ ಕಾಲಿನ ಚಿಪ್ಪುಗಳಲ್ಲಿದ್ದ ನೀರನ್ನು ಗಿಡಕ್ಕೆ ಚೆಲ್ಲಿ ಹೋದರು.

ಪತ್ರಿಕೆ ಬಂದ ಭಾನುವಾರ ಅದನ್ನು ತೆಗೆದುಕೊಂಡು ಮೇಟಗಳ್ಳಿಗೆ ಹೋದೆ. ಎಸ್‌ಟಿಡಿ ಬೂತು ಈಗ ಮೊಬೈಲ್ ರೀಚಾರ್ಜ್ ಅಂಗಡಿ. ಹಳೇ ಫೋನನ್ನು ಮಾತ್ರ ತೆಗೆದಿಲ್ಲ. ಪುಟ್ಟಮಾದಯ್ಯ ಎಡಗೈಯಲ್ಲಿ ಚೀಟಿ ಬರೆಯುತ್ತಿದ್ದರು. ನಂಜುಂಡಸ್ವಾಮಿ ಪಕ್ಕದ ಸ್ಟೂಲಿನ ಮೇಲೆ ಕೂತು ಯಾರದೋ ಚಾರ್ಜರ್ ಬಿಚ್ಚಿಕೊಂಡಿದ್ದರು. ನಾಲ್ಕು ವರ್ಷದಿಂದ ಅಲ್ಲೇ ಕೂರುತ್ತಾರೆ. ನಾನು ಪತ್ರಿಕೆ ತೋರಿಸಿ ಹಾರಾಡಿದ್ದಕ್ಕೆ, "ಬುಡವ್ವ, ನಿನ್ ಫೋಟ ಚೆನ್ನಾಗ್ ಬಂದದೆ" ಎಂದರು.

ಆರು ವರ್ಷದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. ಅವತ್ತು ಫೋನಿನಲ್ಲಿ, ಫ್ಯೂಸಿನ ಮಾತು ಬರುವ ಮುಂಚೆ, ಆ ಕಡೆಯಿಂದ ಏನು ಮಾತು ಬಂತು ಎಂದೆ. ನಂಜುಂಡಸ್ವಾಮಿ ಚಾರ್ಜರಿನ ಮೇಲೆ ಇನ್ನಷ್ಟು ಬಗ್ಗಿದರು. ಉತ್ತರ ಕೊಟ್ಟದ್ದು ಪುಟ್ಟಮಾದಯ್ಯ.

"ಇನ್ನೇನ್ ಅನ್ಲಿ ಕಣಮ್ಮ. ಹತ್ ವರ್ಸದಿಂದ ಈ ಫೋನ್ ಮುಂದೇನೇ ಕುಂತಿವ್ನಿ ಕಣಣ್ಣ, ಈಗ ಮಾಡ್ದ್ಯಾ ಅಂದೆ."

ಹೇಳಿ, ಮೊಂಡಾದ ಬಲಗೈಯಿಂದ ಟೀ ಲೋಟವನ್ನು ನಂಜುಂಡಸ್ವಾಮಿಯವರ ಕಡೆಗೆ ಸರಿಸಿದರು.